ಕಾರಿನ ಕೀ ತಿರುಗದಿದ್ದರೆ ಜೋರು ಮಾಡಬೇಡಿ

ಹೋದ ವಾರ ಸೇಡಂ ರಸ್ತೆಯ ಪೆಟ್ರೋಲ್ ಬಂಕ್‌ನಲ್ಲಿ ನನ್ನ ಹಳೇ ಕಾರಿನ ಕೀ ತಿರುಗಲೇ ಇಲ್ಲ. ಹಿಂದೆ ನಾಲ್ಕು ಗಾಡಿ ಹಾರ್ನ್, ಮೇಲೆ ನಮ್ಮ ಕಲಬುರಗಿ ಬಿಸಿಲು.

ಇಂಥ ಹೊತ್ತಲ್ಲಿ ಮೊದಲು ಸ್ಟೇರಿಂಗನ್ನು ಎಡಕ್ಕೆ, ಬಲಕ್ಕೆ ಅಲುಗಾಡಿಸುತ್ತಾ ಕೀ ತಿರುಗಿಸಿ. ಸ್ಟೇರಿಂಗ್ ಲಾಕ್ ಬಿಗಿದಿದ್ದರೆ ಅಷ್ಟಕ್ಕೇ ಬಿಡುತ್ತದೆ. ಇಲ್ಲವಾ, ಮನೆಯಲ್ಲಿಟ್ಟ ಎರಡನೇ ಕೀ ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ಸವೆದಿರುವುದು ಕೀ, ಲಾಕ್ ಅಲ್ಲ. ಸವೆದ ಕೀ ಕೊಟ್ಟು ನಕಲು ಮಾಡಿಸಬೇಡಿ, ಸವೆತವೂ ನಕಲಾಗುತ್ತದೆ. ಕೀ ನಂಬರ್ ಕೊಟ್ಟು ಮಾಡಿಸಿ.

ನನ್ನದರಲ್ಲಿ ಎರಡೂ ಕೀ ಸಿಕ್ಕಿಕೊಳ್ಳುತ್ತಿದ್ದವು. ಗಾಡಿ ಆನ್ ಇದ್ದಾಗಲೇ ಕೀ ಕೈಗೆ ಬರುತ್ತಿತ್ತು! ಅಂದರೆ ಕೀ ಹಾಕುವ ಲಾಕಿನ ಸಿಲಿಂಡರ್ ಒಳಗಿನ ತೆಳು ಪಟ್ಟಿಗಳೇ ಸವೆದಿದ್ದವು. ಮನೆ ಕೀ, ಬೀಗದ ಕೀ ಎಲ್ಲಾ ಒಂದೇ ಗೊಂಚಲಿಗೆ ನೇತುಹಾಕಿದ್ದೆ, ಆ ಭಾರವೂ ಕಾರಣ. ಕೀ ತೂತಿಗೆ ಎಣ್ಣೆ ಮಾತ್ರ ಹಾಕಬೇಡಿ. ನಮ್ಮ ಧೂಳಿಗೆ ಅದು ಮಡ್ಡಿಯಾಗುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು.

ಸಿಲಿಂಡರ್ ಬದಲಿಸುವಾಗ ಬ್ಯಾಟರಿಯ ಮೈನಸ್ ವೈರ್ ಕಳಚಿ ಕೆಲವು ನಿಮಿಷ ಬಿಡಿ, ಏರ್‌ಬ್ಯಾಗ್ ತಟ್ಟನೆ ಉಬ್ಬಬಾರದಲ್ವಾ. ಬಹಳ ಕಾರುಗಳಲ್ಲಿ ಕೀಯನ್ನು ಎಸಿಸಿ (ACC, ಎಂಜಿನ್ ಇಲ್ಲದೆ ರೇಡಿಯೋ ಆನ್ ಆಗುವ) ಜಾಗಕ್ಕೆ ತಿರುಗಿಸಿ, ಪಕ್ಕದ ತೂತಿನಲ್ಲಿರುವ ಸಣ್ಣ ಪಿನ್ ಒತ್ತಿದರೆ ಸಿಲಿಂಡರ್ ಹೊರಬರುತ್ತದೆ. ಕೀಯಲ್ಲಿ ಚಿಪ್ ಇದ್ದರೆ ಹೊಸ ಕೀಯನ್ನು ಗಾಡಿಗೆ ಹೊಂದಿಸಬೇಕು, ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗಲ್ಲ.

ಅಂದಹಾಗೆ, ಕೀ ಚೆನ್ನಾಗಿ ತಿರುಗಿದರೂ ಡ್ಯಾಶ್‌ಬೋರ್ಡ್ ದೀಪ ಬಂದು ಹೋಗುತ್ತಿದ್ದರೆ ಸುಮ್ನೆ ಸಿಲಿಂಡರ್‌ಗೆ ದುಡ್ಡು ಹಾಕಬೇಡಿ. ಅದರ ಹಿಂದಿರುವ ಸ್ವಿಚ್ಚನ್ನು ಮೊದಲು ನೋಡಿಸಿ.