ಫೈಲಿನ ಪೂರ್ತಿ ಪಾತ್ ಕಾಪಿ ಮಾಡುವುದು ಹೇಗೆ?

ಫೈಲೊಂದನ್ನು ಅಪ್‌ಲೋಡ್ ಮಾಡಬೇಕು. ಬ್ರೌಸ್ ಬಟನ್ ಒತ್ತಿದರೆ ಬೇರೆ ಯಾವುದೋ ಫೋಲ್ಡರ್ ತೆರೆದುಕೊಳ್ಳುತ್ತದೆ. ಬೇಕಾದ ಫೈಲ್ ಪಕ್ಕದ ವಿಂಡೋದಲ್ಲಿ ಕಣ್ಣೆದುರಿಗೇ ಇದ್ದರೂ ಇಲ್ಲಿ ಮತ್ತೆ ಮೊದಲಿಂದ ಹುಡುಕಬೇಕು. ಇಷ್ಟೆಲ್ಲ ಬೇಕಾಗಿಲ್ಲ. ಆ ಫೈಲಿನ ಪಾತ್ ಕಾಪಿ ಮಾಡಿ 'ಫೈಲ್ ನೇಮ್' ಖಾನೆಯಲ್ಲಿ ಪೇಸ್ಟ್ ಮಾಡಿ, ಎಂಟರ್ ಒತ್ತಿ. ಮುಗಿಯಿತು.

ಪಾತ್ ಅಂದರೆ ಡ್ರೈವ್, ಫೋಲ್ಡರ್, ಫೈಲ್ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಹೀಗೆ:

"ಡಿ:\ಲೆಕ್ಕ\ಮೇ ತಿಂಗಳ ಬಿಲ್.ಪಿಡಿಎಫ್"

ಇದನ್ನು ಕೈಯಾರೆ ಟೈಪ್ ಮಾಡಲು ಹೋಗಬೇಡಿ. ಪರದೆಯ ಮೇಲೆ ಕಾಣುವುದೆಲ್ಲ ನಿಜವಾದ ಪಾತ್ ಅಲ್ಲ. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಗೆ ಬರುವ '.ಪಿಡಿಎಫ್' ಥರದ ಭಾಗ) ತೋರಿಸುವುದೇ ಇಲ್ಲ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನ ಬ್ಯಾಕಪ್ ಚಾಲೂ ಇದ್ದರೆ ನಿಮ್ಮ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿ ಕೂತಿರುತ್ತದೆ. ಕಾಪಿ ಮಾಡಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ.

ವಿಂಡೋಸ್‌ನಲ್ಲಿ

1. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿ.
2. ವಿಂಡೋಸ್ 11 ಆದರೆ ರೈಟ್ ಕ್ಲಿಕ್ ಮಾಡಿ 'ಕಾಪಿ ಆ್ಯಸ್ ಪಾತ್' ಆರಿಸಿ. ಕೀಬೋರ್ಡ್ ಇಷ್ಟಪಡುವವರಿಗೆ ಕಂಟ್ರೋಲ್ + ಶಿಫ್ಟ್ + ಸಿ.
3. ವಿಂಡೋಸ್ 10 ಆದರೆ ಮೊದಲು ಶಿಫ್ಟ್ ಕೀ ಒತ್ತಿ ಹಿಡಿಯಿರಿ, ಆಮೇಲೆ ರೈಟ್ ಕ್ಲಿಕ್ ಮಾಡಿ ಅದೇ 'ಕಾಪಿ ಆ್ಯಸ್ ಪಾತ್' ಆರಿಸಿ. ಶಿಫ್ಟ್ ಇಲ್ಲದೆ ಮಾಡಿದರೆ ಆ ಆಯ್ಕೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ.
4. ಬೇಕಾದ ಕಡೆ ಕಂಟ್ರೋಲ್ + ವಿ.

ಬರೀ ಕಂಟ್ರೋಲ್ + ಸಿ ಒತ್ತಿದರೆ ಫೈಲೇ ಕಾಪಿ ಆಗುತ್ತದೆ, ಪಾತ್ ಅಲ್ಲ. ನಾಲ್ಕೈದು ಫೈಲ್ ಒಟ್ಟಿಗೆ ಆರಿಸಿ ಪಾತ್ ಕಾಪಿ ಮಾಡಿದರೆ ಒಂದೊಂದೂ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಫೈಲ್‌ಗಳ ಪಟ್ಟಿ ಬೇಕಾದಾಗ ನಾನು ಮಾಡುವುದು ಇದನ್ನೇ. ಫೋಲ್ಡರ್ ಪಾತ್ ಮಾತ್ರ ಸಾಕು ಅಂದರೆ ಆಲ್ಟ್ + ಡಿ ಒತ್ತಿ, ಮೇಲಿನ ಅಡ್ರೆಸ್ ಬಾರ್‌ನಲ್ಲಿರುವುದನ್ನು ಕಾಪಿ ಮಾಡಿಕೊಳ್ಳಿ.

ಆ ಕೋಟ್ಸ್ ಯಾಕೆ?

ವಿಂಡೋಸ್ ಪಾತ್‌ನ ಎರಡೂ ತುದಿಗೆ ಕೋಟ್ಸ್ ಸೇರಿಸಿಯೇ ಕೊಡುತ್ತದೆ. ಸುಮ್ನೆ ಅಲ್ಲ. 'ಮೇ ತಿಂಗಳ ಬಿಲ್' ಅನ್ನುವ ಹೆಸರಿನಲ್ಲಿ ಸ್ಪೇಸ್ ಇದೆ ಅಲ್ವಾ? ಕೋಟ್ಸ್ ಇಲ್ಲದಿದ್ದರೆ ಕಮಾಂಡ್ ಪ್ರಾಂಪ್ಟ್ (ಆದೇಶಗಳನ್ನು ಟೈಪ್ ಮಾಡುವ ವಿಂಡೋ) ಅದನ್ನು ತುಂಡು ತುಂಡಾಗಿ ಓದುವ ಸಾಧ್ಯತೆ ಜಾಸ್ತಿ. ಆದರೆ ಕೆಲವು ಪ್ರೋಗ್ರಾಂಗಳಿಗೆ ಈ ಕೋಟ್ಸ್ ಆಗುವುದಿಲ್ಲ, ಫೈಲ್ ಸಿಗಲಿಲ್ಲ ಅನ್ನುತ್ತವೆ. ಅಂಥ ಕಡೆ ಮೊದಲು ಕೋಟ್ಸ್ ಅಳಿಸಿ ನೋಡಿ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ತಾಪತ್ರಯ. ಬ್ಯಾಕ್‌ಸ್ಲ್ಯಾಶ್ (\) ಪಕ್ಕ ಇಂಗ್ಲಿಷಿನ ಸಣ್ಣ 'ಎನ್' ಬಂದರೆ ಪೈಥಾನ್ ಅದನ್ನು ಹೊಸ ಸಾಲು ಎಂದುಕೊಳ್ಳುತ್ತದೆ. ಕೋಟ್ಸ್‌ಗೆ ಮೊದಲು ಸಣ್ಣ 'ಆರ್' ಅಕ್ಷರ ಹಾಕಿದರೆ ಸರಿಹೋಗುತ್ತದೆ.

ಮ್ಯಾಕ್, ಲಿನಕ್ಸ್

ಮ್ಯಾಕ್‌ನಲ್ಲಿ ಫೈಲ್ ಆರಿಸಿ ಆಪ್ಶನ್ + ಕಮಾಂಡ್ + ಸಿ ಒತ್ತಿ. ಮೌಸ್‌ನಲ್ಲೇ ಮಾಡುವುದಾದರೆ ರೈಟ್ ಕ್ಲಿಕ್ ಮಾಡಿ, ಮೆನು ತೆರೆದಿರುವಾಗಲೇ ಆಪ್ಶನ್ ಕೀ ಹಿಡಿಯಿರಿ. 'ಕಾಪಿ' ಅಂತಿದ್ದದ್ದು ಕಣ್ಣೆದುರೇ 'ಆ್ಯಸ್ ಪಾತ್‌ನೇಮ್' ಆಗಿ ಬದಲಾಗುತ್ತದೆ. ಫೈಲ್ ತೆರೆಯುವ ಡಬ್ಬಿಯಲ್ಲಿ ಪೇಸ್ಟ್ ಮಾಡಲು ಮೊದಲು ಕಮಾಂಡ್ + ಶಿಫ್ಟ್ + ಜಿ ಒತ್ತಿ. ಲಿನಕ್ಸ್‌ನಲ್ಲಿ ಡಾಲ್ಫಿನ್ ಎಂಬ ಫೈಲ್ ಮ್ಯಾನೇಜರ್ ಆದರೆ ಕಂಟ್ರೋಲ್ + ಆಲ್ಟ್ + ಸಿ.

ಬೇರೆಯವರಿಗೆ ಕಳಿಸುವ ಮುಂಚೆ

'ಸಿ:' ಅಂತ ಶುರುವಾಗುವ ಪಾತ್ ನಿಮ್ಮ ಕಂಪ್ಯೂಟರ್‌ಗಷ್ಟೇ ಅರ್ಥವಾಗುತ್ತದೆ. ಅದನ್ನು ಮೇಲ್‌ನಲ್ಲಿ ಕಳಿಸಿದರೆ ಆ ಕಡೆಯವರಿಗೆ ಏನೂ ತೆರೆಯುವುದಿಲ್ಲ. ಜೊತೆಗೆ ನಿಮ್ಮ ಯೂಸರ್ ನೇಮ್ ಕೂಡ ಅದರಲ್ಲಿ ಇರಬಹುದು. ಆಫೀಸಿನ ನೆಟ್‌ವರ್ಕ್‌ನಲ್ಲಿರುವ 'ಝಡ್:' ಥರದ ಡ್ರೈವ್ ಆದರೂ ಅಷ್ಟೇ, ಅದೇ ಅಕ್ಷರ ಅವರ ಕಂಪ್ಯೂಟರ್‌ನಲ್ಲಿ ಬೇರೆ ಫೋಲ್ಡರ್‌ಗೆ ಹೋಗಬಹುದು. ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗಿ ಸರ್ವರ್ ಹೆಸರಿರುವ ಪಾತ್ ಕಳಿಸಿ.