ಯುದ್ಧದ ಸುದ್ದಿಯಲ್ಲಿ ಎಣ್ಣೆಯ ಜಾಡು ಹಿಡಿಯುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್ ಪರೀಕ್ಷೆಗೆ ಓದುವವರಿಗೆ ನಾನು ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತೇನೆ. ದೊಡ್ಡ ದೇಶಗಳು ಬೇರೆ ದೇಶಗಳಲ್ಲಿ ಬಲ ಪ್ರಯೋಗಿಸಿ ಹಸ್ತಕ್ಷೇಪ ಮಾಡುವುದೇಕೆ ಎಂದು ಕೇಳಿದರೆ ಅವರ ಪ್ರಬಂಧಗಳಲ್ಲಿ ಎರಡೇ ಜಾತಿ: ‘ಸರ್ವಾಧಿಕಾರಿಯಿಂದ ಜನರನ್ನು ಬಿಡಿಸಲು ಹೋದರು’, ಇಲ್ಲವೇ ‘ಎಲ್ಲವೂ ಎಣ್ಣೆಗಾಗಿ’. ಎರಡಕ್ಕೂ ನನ್ನಲ್ಲಿ ಅಂಕವಿಲ್ಲ.

ಮೊದಲು ಜೋಡಿ ಹುಡುಕಿ: ಒಂದೇ ಬಗೆಯ ಎರಡು ಪ್ರಕರಣ, ಆದರೆ ಹೊರಗಿನವರ ವರ್ತನೆ ಬೇರೆ ಬೇರೆ. 2011ರ ಮಾರ್ಚ್ 14ರಂದು ಬಹ್ರೇನ್‌ನ ದೊರೆಗೆ ಬೆಂಬಲವಾಗಿ ಸೌದಿ ಪಡೆ ಸಮುದ್ರ ಸೇತುವೆ ದಾಟಿ ಬಂದಿತು, ದೊರೆಯ ವಿರುದ್ಧದ ಜನರ ಚಳವಳಿಯನ್ನು ಹತ್ತಿಕ್ಕಲಾಯಿತು. ಕೊಲ್ಲಿಯ ತೈಲ ಹಡಗುಗಳ ದಾರಿಗೆ ಕಾವಲಿರುವ ಅಮೆರಿಕದ ಐದನೇ ನೌಕಾಪಡೆಯ ನೆಲೆ ಇರುವುದೂ ಅಲ್ಲಿಯೇ. ಮೂರೇ ದಿನಗಳ ನಂತರ ದಂಗೆಯನ್ನು ಹತ್ತಿಕ್ಕುತ್ತಿದ್ದ ಲಿಬಿಯಾದ ಮೇಲೆ ಬಲಪ್ರಯೋಗಕ್ಕೆ ಅನುಮತಿಸುವ ಭದ್ರತಾ ಮಂಡಳಿಯ ನಿರ್ಣಯ (ಸಂಖ್ಯೆ 1973) ಬಂದಿತು. ಭಾರತ ತಟಸ್ಥವಾಗಿ ಉಳಿಯಿತು. 19ರಿಂದ ಬಾಂಬ್ ಬಿದ್ದವು.

ಈಗ ಭೂಪಟ ಬಿಡಿಸಿ. ಲಿಬಿಯಾದ ಮೆಲ್ಲಿತಾದಿಂದ ಸಿಸಿಲಿಯ ಜೆಲಾಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಆ ಅನಿಲ ಕೊಳವೆ 2004ರಿಂದಲೇ ಹರಿಯುತ್ತಿತ್ತು. ಲಿಬಿಯಾದ ಸರ್ವಾಧಿಕಾರಿ ಗಡಾಫಿ ಇಟಲಿಯ ಎನಿ ಎಂಬ ತೈಲ ಕಂಪನಿಯೊಂದಿಗೆ ವ್ಯವಹಾರ ಮಾಡುತ್ತಲೇ ಇದ್ದ. ಹಾಗಾಗಿ ‘ಎಣ್ಣೆ ದೋಚಲು ಹೋದರು’ ಎಂದರೆ ವಾದ ಕುಂಟುತ್ತದೆ. ಯಾರ ಮೇಲೆ ಕೈ ಮಾಡಬೇಕು ಎಂಬುದಕ್ಕಿಂತ ಯಾರನ್ನು ಮುಟ್ಟಬಾರದು ಎಂಬುದನ್ನೇ ಎಣ್ಣೆ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ನನ್ನ ಎಣಿಕೆ. ಆಫ್ರಿಕಾದ ಈಕ್ವಟೋರಿಯಲ್ ಗಿನಿಯ ಅಧ್ಯಕ್ಷ ಒಬಿಯಾಂಗ್ 1979ರಿಂದ ಗದ್ದುಗೆ ಬಿಟ್ಟಿಲ್ಲ. ತೊಂಬತ್ತರ ದಶಕದಲ್ಲಿ ಅಲ್ಲಿ ಮುಚ್ಚಿದ್ದ ಅಮೆರಿಕದ ರಾಯಭಾರ ಕಚೇರಿ, ತೈಲ ಚಿಮ್ಮಿದ ಮೇಲೆ 2003ರಲ್ಲಿ ಮತ್ತೆ ತೆರೆಯಿತು.

ಮುಂದಿನದು ಒಪ್ಪಂದದ ಕಾಗದ. ಹಸ್ತಕ್ಷೇಪಕ್ಕೆ ಮುಂಚೆ ಪಾಲು ಯಾರದಿತ್ತು, ಆಮೇಲೆ ಯಾರದಾಯಿತು? ಇರಾನ್ 1951ರಲ್ಲಿ ತೈಲವನ್ನು ರಾಷ್ಟ್ರೀಕರಿಸಿತು, 1953ರಲ್ಲಿ ಪ್ರಧಾನಿ ಮೊಸಾದೆಕ್ ಸರ್ಕಾರವನ್ನು ಬ್ರಿಟನ್ ಮತ್ತು ಅಮೆರಿಕದ ಗುಪ್ತಚರರು ಉರುಳಿಸಿದರು, 1954ರಲ್ಲಿ ಅಲ್ಲಿನ ತೈಲ ವಹಿಸಿಕೊಂಡ ವಿದೇಶಿ ಕಂಪನಿಗಳ ಒಕ್ಕೂಟದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ 40 ಪಾಲು ದಕ್ಕಿತು. ಇಲ್ಲಿ ಎಣ್ಣೆಯ ವಾದ ನೆಟ್ಟಗೆ ನಿಲ್ಲುತ್ತದೆ. ಆದರೆ ಮೊಸಾದೆಕ್ ದಬ್ಬಾಳಿಕೆಯ ದೊರೆಯಲ್ಲ. ದಬ್ಬಾಳಿಕೆ ಹೆಚ್ಚಿದ್ದು ಆಮೇಲೆ, ಇರಾನಿನ ದೊರೆ ಷಾ ಕೈಯಲ್ಲಿ.

ನಿಮ್ಮ ವಾದಕ್ಕೆ ಎದುರಾಗುವ ಒಂದು ಉದಾಹರಣೆಯನ್ನೂ ಬರೆಯಿರಿ. 1999ರ ಕೊಸೊವೊ ಸಾಕು: ತೈಲವಿಲ್ಲ, ಆದರೂ ನ್ಯಾಟೊ ಬಾಂಬ್ ಹಾಕಿತು.

ಕೊನೆಗೆ ನಮ್ಮ ಮನೆಯ ಲೆಕ್ಕ. ಸುಡಾನ್‌ನ ತೈಲ ಯೋಜನೆಯಿಂದ ಕೆನಡಾದ ಕಂಪನಿಯೊಂದು ಮಾನವ ಹಕ್ಕುಗಳ ಟೀಕೆ ತಾಳಲಾರದೆ ಹೊರಬಂದಾಗ, ಅದರ ಶೇ 25 ಪಾಲನ್ನು 2003ರಲ್ಲಿ ಕೊಂಡದ್ದು ನಮ್ಮ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ವಿದೇಶ್. ಇದನ್ನು ಬರೆದರೆ ಮೌಲ್ಯಮಾಪಕರು ಮುನಿಸಿಕೊಳ್ಳುತ್ತಾರೆಂದು ಹುಡುಗರು ಹೆದರುತ್ತಾರೆ. ಬರೆಯಿರಿ, ಇಸವಿ ಸಮೇತ.