ಕೆಜಿಯಾ: ಅಪರೂಪದ ಹೀಬ್ರೂ ಹೆಸರಿನ ಅರ್ಥವನ್ನೂ ಬಳಕೆಯನ್ನೂ ಪರಿಶೀಲಿಸುವ ಬಗೆ

ಮಗುವಿಗೆ ಬೈಬಲ್ಲಿನ ಹೆಸರೇ ಇರಬೇಕು, ಆದರೆ ಸಭೆಯಲ್ಲಿ ಕರೆದರೆ ನಾಲ್ಕು ಮಕ್ಕಳು ಒಟ್ಟಿಗೆ ತಿರುಗಿ ನೋಡುವಂಥ ಹೆಸರಾಗಬಾರದು ಎಂದು ಬಯಸುವ ತಂದೆತಾಯಿಗಳಿಗೆ ಕೆಜಿಯಾ ಎಂಬ ಹೆಣ್ಣು ಹೆಸರು ಒಳ್ಳೆಯ ಆಯ್ಕೆ. ಆದರೆ ಇಂಥ ಅಪರೂಪದ ಹೆಸರುಗಳಿಗೆ ಹೆಸರಿನ ಪಟ್ಟಿಗಳು ಕೊಡುವ ಒಂದು ಸಾಲಿನ ಅರ್ಥವನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಹೆಸರು ಮಗುವಿನ ಜೊತೆ ಬದುಕಿನುದ್ದಕ್ಕೂ ಇರುವುದರಿಂದ, ಅರ್ಥವನ್ನು ಮೂಲ ಅಕ್ಷರಗಳಿಂದಲೂ ಬಳಕೆಯನ್ನು ಜನನದ ಸರಕಾರಿ ಲೆಕ್ಕಗಳಿಂದಲೂ ತಿಳಿದುಕೊಳ್ಳುವ ಶ್ರಮ ಸಾರ್ಥಕವೇ ಆಗುತ್ತದೆ.

ಮೊದಲು ಆ ಹೆಸರು ಬರುವ ವಚನವನ್ನು ತೆರೆದು, ಅದರ ಹಿಂದುಮುಂದನ್ನೂ ಓದಬೇಕು. ಕೆಜಿಯಾ ಬರುವುದು ಯೋಬನ ಗ್ರಂಥದ 42ನೆಯ ಅಧ್ಯಾಯದ 14ನೆಯ ವಚನದಲ್ಲಿ. ಕಷ್ಟಗಳೆಲ್ಲ ಕಳೆದ ಬಳಿಕ ಯೋಬನಿಗೆ ಏಳು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಹುಟ್ಟುತ್ತಾರೆ. ಗಂಡುಮಕ್ಕಳ ಹೆಸರನ್ನು ಹೇಳದ ಗ್ರಂಥವು ಹೆಣ್ಣುಮಕ್ಕಳ ಹೆಸರನ್ನು ಒಂದೊಂದಾಗಿ ಹೇಳುತ್ತದೆ, ಅವರಲ್ಲಿ ಎರಡನೆಯವಳೇ ಕೆಜಿಯಾ. ಮುಂದಿನ ವಚನದಲ್ಲಿ ಯೋಬನು ಈ ಮೂವರಿಗೂ ಅಣ್ಣತಮ್ಮಂದಿರ ಜೊತೆಯಲ್ಲೇ ಸ್ವತ್ತಿನ ಪಾಲು ಕೊಡುತ್ತಾನೆ. ಗಂಡುಮಕ್ಕಳಿಲ್ಲದಿದ್ದರೆ ಮಾತ್ರ ಸ್ವತ್ತು ಹೆಣ್ಣುಮಕ್ಕಳಿಗೆ ಸೇರಬೇಕೆಂದು ಅರಣ್ಯಕಾಂಡದ 27ನೆಯ ಅಧ್ಯಾಯ ಹೇಳುವುದನ್ನು ನೆನೆದರೆ, ಈ ತಂದೆಯ ನಡೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನನ್ನ ಮಟ್ಟಿಗೆ ಈ ಹೆಸರಿನ ನಿಜವಾದ ಹಿರಿಮೆ ಇರುವುದು ಇಲ್ಲಿಯೇ. ಯಾವ ಪಟ್ಟಿಯೂ ಇದನ್ನು ಹೇಳುವುದಿಲ್ಲ.

ಅನಂತರ ಹೀಬ್ರೂ ಕಾಗುಣಿತವನ್ನು ನೋಡಬೇಕು. ಹೀಬ್ರೂ ಬಾರದವರೂ, ಬೈಬಲ್ಲಿನ ಮೂಲಪದಗಳಿಗೆ ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ ಅವರ ಪದಸೂಚಿಯಲ್ಲಿ 7103ನೆಯ ಸಂಖ್ಯೆಯನ್ನು ತೆಗೆದರೆ ಈ ಹೆಸರು ಸಿಗುತ್ತದೆ. ಅದರ ಹಿಂದಿನ 7102 ಅದೇ ಕಾಗುಣಿತದ ಸಾಮಾನ್ಯ ಪದ. ಕೋಫ್, ತ್ಸಾದಿ, ಯೋದ್, ಆಯಿನ್, ಹೇ ಎಂಬ ಐದು ಅಕ್ಷರಗಳಿಂದಾದ ಈ ಹೆಸರಿನ ಮೂಲ ಉಚ್ಚಾರಣೆ ಹೆಚ್ಚುಕಡಿಮೆ ‘ಕೆತ್ಸೀಆ’ ಎಂದಾಗುತ್ತದೆ. ಯೆಶಾಯನಂಥ ಹೆಸರುಗಳ ಕೊನೆಯಲ್ಲಿರುವ ‘ಯಾಹ್’ ದೇವರ ನಾಮದ ಭಾಗವಾಗಿರುವುದರಿಂದ ಕೆಜಿಯಾಕ್ಕೂ ದೇವರಿಗೆ ಸಂಬಂಧಿಸಿದ ಅರ್ಥವನ್ನು ಹಚ್ಚಿಬಿಡುವುದುಂಟು. ದೇವರ ನಾಮವಾಗಬೇಕಾದರೆ ಯೋದ್ ಮತ್ತು ಹೇ ಒಂದರ ಪಕ್ಕದಲ್ಲೊಂದು ಇರಬೇಕು. ಇಲ್ಲಿ ಅವೆರಡರ ನಡುವೆ ಆಯಿನ್ ಇದೆ. ಆದ್ದರಿಂದ ಆ ಅರ್ಥಕ್ಕೆ ಆಧಾರವಿಲ್ಲ.

ಹಾಗಾದರೆ ಇದರ ಅರ್ಥವೇನು? ಇದು ಸುವಾಸನೆಯ ತೊಗಟೆಯೊಂದರ ಹೆಸರು. ಕೀರ್ತನೆಗಳ 45ನೆಯ ಅಧ್ಯಾಯದಲ್ಲಿ ರಾಜನ ಉಡುಪಿನಿಂದ ಸೂಸುವ ಪರಿಮಳಗಳಲ್ಲಿ ಇದೇ ಪದ ಬಹುವಚನದಲ್ಲಿ ಬರುತ್ತದೆ. ಇದರ ಧಾತುವಿಗೆ ಕೆರೆಯುವುದು, ಹೆರೆಯುವುದು ಎಂಬ ಅರ್ಥವಿದ್ದು, ಯಾಜಕಕಾಂಡ 14:41ರಲ್ಲಿ ಮನೆಯ ಒಳಗೋಡೆಯನ್ನು ಕೆರೆಸುವ ಮಾತಿಗೂ ಇದೇ ಧಾತು ಬಳಕೆಯಾಗಿದೆ. ಮರದಿಂದ ಸುಲಿದು ತೆಗೆದ ಪರಿಮಳದ ತೊಗಟೆಗೆ ಇದು ಒಪ್ಪುವ ಹೆಸರು. ಯೋಬನ ಈ ಮಗಳ ಸುವಾಸನೆ ತೊಗಟೆಯ ಪರಿಮಳದಂತೆ ಹರಡುತ್ತಿತ್ತೆಂದು ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದ್ ವಿವರಿಸುತ್ತದೆ. ಗ್ರೀಕಿನ ಮೂಲಕ ಬಂದ ‘ಕ್ಯಾಸಿಯಾ’ ಎಂಬ ಪದವನ್ನು ಕಂಡು ಇದನ್ನು ನಮ್ಮ ಕಕ್ಕೆ ಮರದ ಹಳದಿ ಹೂವೆಂದು ತಿಳಿಯಬಾರದು. ಸಸ್ಯಶಾಸ್ತ್ರದಲ್ಲಿ ಕ್ಯಾಸಿಯಾ ಎಂಬ ಕುಲನಾಮವಿರುವುದು ಕಕ್ಕೆಗೆ. ಅಡುಗೆಗೆ ಹಾಕುವ ಕ್ಯಾಸಿಯಾ ತೊಗಟೆ ದಾಲ್ಚಿನ್ನಿಯ ಕುಲಕ್ಕೆ ಸೇರಿದ್ದು, ನಮ್ಮ ಅಂಗಡಿಗಳಲ್ಲಿ ಚಕ್ಕೆ ಎಂದು ಮಾರುವುದು ಬಹುಮಟ್ಟಿಗೆ ಅದನ್ನೇ. ಬೈಬಲ್ ಕಾಲದ ತೊಗಟೆ ನಿಖರವಾಗಿ ಯಾವ ಸಸ್ಯದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದ ಕಾರಣ, ‘ಚಕ್ಕೆಯಂಥ ಸುಗಂಧದ ತೊಗಟೆ’ ಎನ್ನುವುದು ಪ್ರಾಮಾಣಿಕವಾದ ಅರ್ಥ.

ಬಳಕೆಯನ್ನು ಅಳೆಯುವಾಗ ಹೆಸರಿನ ಜಾಲತಾಣಗಳ ‘ಜನಪ್ರಿಯತೆ’ಯನ್ನು ಬದಿಗಿಡಿ, ಅದು ಎಷ್ಟೋ ಸಲ ಆ ಪುಟವನ್ನು ನೋಡಿದವರ ಲೆಕ್ಕ, ಹುಟ್ಟಿದ ಮಕ್ಕಳದ್ದಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1880ರಿಂದೀಚೆಗಿನ ಹೆಸರುಗಳನ್ನು ವರ್ಷವಾರು ಪ್ರಕಟಿಸುತ್ತದೆ. ಮೊದಲ ಸಾವಿರ ಹೆಸರುಗಳ ಪಟ್ಟಿಯಲ್ಲಿ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸದೆ, ಪೂರ್ಣ ಕಡತವನ್ನು ಇಳಿಸಿಕೊಂಡು ಹುಡುಕಬೇಕು. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲೂ ಇರುವುದಿಲ್ಲವಾದ್ದರಿಂದ, ಹೆಸರು ಕಾಣದಿದ್ದ ಮಾತ್ರಕ್ಕೆ ಯಾರೂ ಇಟ್ಟಿಲ್ಲವೆಂದು ತಿಳಿಯಬಾರದು. 1937ಕ್ಕಿಂತ ಮೊದಲು ಹುಟ್ಟಿದವರಲ್ಲಿ ಅನೇಕರು, ಈ ಲೆಕ್ಕಕ್ಕೆ ಆಧಾರವಾದ ಸಾಮಾಜಿಕ ಭದ್ರತಾ ಕಾರ್ಡಿಗೆ ಅರ್ಜಿಯನ್ನೇ ಹಾಕದ ಕಾರಣ ಹಳೆಯ ಅಂಕಿಗಳೂ ಅಪೂರ್ಣ. ಇಂಗ್ಲೆಂಡ್ ಮತ್ತು ವೇಲ್ಸಿನ ಅಂಕಿಅಂಶ ಕಚೇರಿಯ ಪಟ್ಟಿಯಲ್ಲಿ ಮೂರು ಮಕ್ಕಳಿಗಿಟ್ಟ ಹೆಸರೂ ಸಿಗುತ್ತದೆ. ಎರಡೂ ಕಡೆ ಪ್ರತಿ ಕಾಗುಣಿತಕ್ಕೂ ಪ್ರತ್ಯೇಕ ಲೆಕ್ಕವಿರುವುದರಿಂದ, ಇಂಗ್ಲಿಷಿನಲ್ಲಿ ಕೊನೆಗೆ ‘ಎಚ್’ ಇರುವ ರೂಪ, ಇಲ್ಲದ ರೂಪ, ‘ಝಡ್’ ಬದಲು ‘ಎಸ್’ ಅಥವಾ ‘ಟಿಝಡ್’ ಇರುವ ರೂಪ, ಇವೆಲ್ಲವನ್ನೂ ಕೂಡಿಸಿದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಅಂಕಿ ಚಿಕ್ಕದಿದ್ದಾಗ ಹತ್ತಾರು ಮಕ್ಕಳಿಂದಲೇ ಸ್ಥಾನ ಬಹಳ ಏರಿಳಿಯುತ್ತದೆ. ಆದ್ದರಿಂದ ಸ್ಥಾನಕ್ಕಿಂತ ಹಲವು ವರ್ಷಗಳ ಸಂಖ್ಯೆಯನ್ನು ನೋಡುವುದು ಮೇಲು.

ಹೆಸರು ಅಪರೂಪವೆಂದರೆ ಹೊಸದೆಂದಲ್ಲ. ಹದಿನೆಂಟನೆಯ ಶತಮಾನದಲ್ಲಿ ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯವರ ತಂಗಿಯ ಹೆಸರು ಕೆಜಿಯಾ. 2015ರಿಂದ 2017ರವರೆಗೆ ಸ್ಕಾಟ್ಲೆಂಡಿನ ಲೇಬರ್ ಪಕ್ಷವನ್ನು ಮುನ್ನಡೆಸಿದವರು ಕೆಜಿಯಾ ಡಗ್‌ಡೇಲ್. ಭಾರತದಲ್ಲಿ ಇಂಥ ವರ್ಷವಾರು ಸರಕಾರಿ ಪಟ್ಟಿ ಪ್ರಕಟವಾಗುವುದಿಲ್ಲ. ಇಲ್ಲಿ ನಿಮ್ಮ ಸಭೆಯ ದೀಕ್ಷಾಸ್ನಾನದ ದಾಖಲೆಯನ್ನೂ ಶಾಲೆಯ ಪರಿಚಯಸ್ಥರನ್ನೂ ಕೇಳುವುದೇ ದಾರಿ.

ಹೆಸರು ನಿರ್ಧಾರವಾದ ಮೇಲೆ ಕನ್ನಡದಲ್ಲಿ ಕೆಜಿಯಾ ಎಂದೋ ಕೆಸಿಯಾ ಎಂದೋ ಬರೆಯುವುದನ್ನೂ, ಇಂಗ್ಲಿಷಿನ ಒಂದೇ ಕಾಗುಣಿತವನ್ನೂ ಖಚಿತಪಡಿಸಿಕೊಂಡು, ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಅದನ್ನೇ ಬರೆಸಬೇಕು. ಇದಕ್ಕಾಗಿ ಆತುರಪಡಬೇಕಿಲ್ಲ: ಜನನವನ್ನು 21 ದಿನಗಳೊಳಗೆ ನೋಂದಾಯಿಸಲೇಬೇಕಾದರೂ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಲು ಅವಕಾಶವಿದೆ.